ಬಿಳಿ ಪುಡಿ ಹಿಡಿದ ಅಚ್ಚುಮೊಳೆಗಳು

ಪ್ರಶ್ನೆ: ಮುಚ್ಚಿದ ಪ್ರೆಸ್ಸೊಂದರ ಕನ್ನಡ ಅಚ್ಚುಮೊಳೆಗಳನ್ನು ನಮ್ಮ ಊರಿನ ಪುಟ್ಟ ಮ್ಯೂಸಿಯಂನಲ್ಲಿ ಇಡುತ್ತಿದ್ದೇವೆ. ಕೆಲವಕ್ಕೆ ಬಿಳಿ ಪುಡಿ ಹಿಡಿದಿದೆ. ಉಜ್ಜಿ ತೆಗೆಯಬಹುದೇ?

ಉತ್ತರ: ದಯವಿಟ್ಟು ಒಣಗಿದ್ದಾಗ ಉಜ್ಜಬೇಡಿ, ಊದಲೂಬೇಡಿ. ಒಂದೊಂದು ಅಕ್ಷರ ಮೂಡಿಸುವ ಈ ಮೊಳೆ ಎಂದರೆ ಸೀಸ, ತವರ, ಆಂಟಿಮನಿಗಳ ಮಿಶ್ರಲೋಹ. ತೇವದ ಜೊತೆ ಮರದ ಪೆಟ್ಟಿಗೆಯಿಂದ ಹೊರಡುವ ಆಮ್ಲದ ಆವಿ ಸೇರಿದರೆ ಸೀಸ ಸವೆದು, ಕಾರ್ಬೊನೇಟ್ ಎಂಬ ಬಿಳಿ ಪುಡಿಯಾಗುತ್ತದೆ. ಆ ಪುಡಿ ವಿಷ. ಕೈಗವಸು, ಮಾಸ್ಕ್ ಹಾಕಿಕೊಂಡು ಅಂಥ ಮೊಳೆಗಳನ್ನು ಆರಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇರೆಯಾಗಿಡಿ. ಲೋಹ ತಿಂದುಹೋದ ಅಕ್ಷರದ ಮುಖ ಮತ್ತೆ ಬರುವುದಿಲ್ಲ.

ಬರೀ ಹಳೆ ಶಾಯಿ ಮೆತ್ತಿದ್ದರೆ ಸುಲಭ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ, ಸೀಮೆಎಣ್ಣೆ ಅದ್ದಿದ ಮೃದು ಬ್ರಷ್‌ನಿಂದ ಒರೆಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ತಂತಿ ಬ್ರಷ್ ಬೇಡವೇ ಬೇಡ: ಲೋಹ ಮೆದು, ಬಿದ್ದ ಗೀರು ಅಚ್ಚಿನಲ್ಲಿ ಬಿಳಿಗೆರೆಯಾಗಿ ಕಾಣುತ್ತದೆ. ಒತ್ತಕ್ಷರದ ತೆಳ್ಳನೆ ಬಾಲಗಳು ಮೊದಲು ಮುರಿಯುತ್ತವೆ. ಮೊಳೆಗಳನ್ನು ರಾಶಿ ಸುರಿಯದೆ, ಮುಖ ಮೇಲಾಗಿ ನಿಲ್ಲಿಸಿ. ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆಯಿರಿ. ಮಕ್ಕಳು ಮುಟ್ಟದಂತೆ ಗಾಜಿನ ಹಿಂದಿಡುವುದೇ ಸರಿ.

ಪ್ರಶ್ನೆ: ಪಕ್ಕದಲ್ಲಿ 'ಮಂಗಳೂರು ಸಮಾಚಾರ'ದ ಚಿತ್ರ ಹಾಕಿ, "ಇಂಥ ಮೊಳೆಗಳಿಂದ ಅಚ್ಚಾದದ್ದು" ಎಂದು ಬರೆಯಬಹುದೇ?

ಉತ್ತರ: ಬೇಡ, ಅದು ತಪ್ಪಾಗುತ್ತದೆ. ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದ ಆ ಪತ್ರಿಕೆ ಕಲ್ಲಚ್ಚಿನದು. ಅದರಲ್ಲಿ ಮೊಳೆಯೇ ಇಲ್ಲ. ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ಸುಣ್ಣಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ಒದ್ದೆ ಮಾಡುತ್ತಾರೆ. ಉರುಳೆ ಓಡಿಸಿದಾಗ ಶಾಯಿ ಜಿಡ್ಡಿಗಷ್ಟೇ ಹಿಡಿಯುತ್ತದೆ, ಒದ್ದೆ ಕಲ್ಲಿಗೆ ಹಿಡಿಯುವುದಿಲ್ಲ. ಹಾಗಾಗಿ ಆ ಪುಟಗಳಲ್ಲಿ ಕಾಣುವುದು ಕೈಬರಹವೇ. ಫಲಕದಲ್ಲಿ ಇದನ್ನೇ ಬರೆಯಿರಿ.