ಆಸ್ಪತ್ರೆ ತಲುಪಿದ ಮೇಲೂ

ಬಡ ದೇಶಗಳಲ್ಲೂ ಈಗ ಹೆಚ್ಚಿನ ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ, ಹಲವೆಡೆ ಉಚಿತ ಕೂಡ. ಆದರೂ ತಾಯಂದಿರು ಸಾಯುತ್ತಾರೆಂದರೆ ಅದು ತಿಳಿವಳಿಕೆಯ ಕೊರತೆಯಲ್ಲವೇ ಎಂದು ಕೇಳಿದ್ದೀರಿ. ಅಂಥ ಕಡೆಗೆ ಆಂಬುಲೆನ್ಸ್ ಕೊಡಿಸುವ ಯೋಚನೆಯನ್ನೂ ತಿಳಿಸಿದ್ದೀರಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು, ಹೆರಿಗೆಗಳ ಕಾರಣದಿಂದ ಸತ್ತವರು ಸುಮಾರು 2,60,000. ಒಂದು ಲಕ್ಷ ಜೀವಂತ ಜನನಕ್ಕೆ ಬಡ ದೇಶಗಳಲ್ಲಿ 346 ತಾಯಂದಿರು, ಸಿರಿವಂತ ದೇಶಗಳಲ್ಲಿ 10. ಇಷ್ಟು ದೊಡ್ಡ ಅಂತರವನ್ನು ತಿಳಿವಳಿಕೆಯ ತಲೆಗೆ ಕಟ್ಟಲಾಗದು. ತಡವಾಗುವುದು ಮೂರು ಕಡೆ: ಮನೆಯಿಂದ ಹೊರಡುವಾಗ, ದಾರಿಯಲ್ಲಿ, ಆಸ್ಪತ್ರೆಯೊಳಗೆ. ನಿಮ್ಮ ಪ್ರಶ್ನೆ ಮೊದಲನೆಯದರ ಬಗ್ಗೆ, ಆಂಬುಲೆನ್ಸ್ ಎರಡನೆಯದಕ್ಕೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಹೋದವರು ಹೆಣವಾಗಿ ಮರಳಿದ್ದನ್ನು ಕಂಡ ಊರಿನವರು ಮುಂದಿನ ಸಲ ಹೊರಡಲು ಹಿಂದೆಮುಂದೆ ನೋಡುವುದು ಮೌಢ್ಯವೂ ಅಲ್ಲ.

ರಕ್ತಸ್ರಾವವನ್ನೇ ನೋಡಿ. ಹೆರಿಗೆಯಾದೊಡನೆ ಗರ್ಭಕೋಶ ಬಿಗಿಯಬೇಕು. ಅದಕ್ಕೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುತ್ತಾರೆ. ಈ ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗುತ್ತಲೇ ಇದ್ದರೆ ಅದರ ಕಸುವು ಇಳಿಯುತ್ತದೆ, ನೋಡಲು ಮಾತ್ರ ಮೊದಲಿನಂತೆಯೇ ತಿಳಿನೀರು. ಚುಚ್ಚಿದ ನರ್ಸ್‌ಗೆ ತಾನು ಕೊಟ್ಟದ್ದು ಮದ್ದೆಂದೇ ನಂಬಿಕೆ. 30 ಡಿಗ್ರಿಯಲ್ಲೂ ಕೆಡದ ಕಾರ್ಬೆಟೋಸಿನ್ ಎಂಬ ಮದ್ದು ಇದೆ, ಆದರೆ ಅದು ಸ್ರಾವ ಶುರುವಾಗದಂತೆ ತಡೆಯಲು. ಶುರುವಾದ ಸ್ರಾವ ನಿಲ್ಲಿಸಲು ಅದನ್ನು ನೆಚ್ಚುವಂತಿಲ್ಲ.

ಇನ್ನೊಂದು ಎಡವಟ್ಟು ಕಣ್ಣಳತೆ. ಬಟ್ಟೆಗೆ, ಹಾಸಿಗೆಗೆ ಇಂಗಿದ ರಕ್ತ ಸಾಮಾನ್ಯವಾಗಿ ಕಡಿಮೆಯೆಂದೇ ಕಾಣುತ್ತದೆ. ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಹಾಸಿದರೆ 500 ಮಿಲಿಲೀಟರ್ ದಾಟಿದ್ದು ತಕ್ಷಣ ಗೊತ್ತಾಗುತ್ತದೆ. ಆಗ ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ತಡೆಯುವ 1 ಗ್ರಾಂ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಎಲ್ಲಿಂದ ಸ್ರಾವವೆಂಬ ತಪಾಸಣೆ, ಎಲ್ಲವೂ ಒಟ್ಟಿಗೇ ನಡೆಯಬೇಕು. ಒಂದು ಮಾಡಿ, ಫಲ ಕಾದು, ಇನ್ನೊಂದಕ್ಕೆ ಕೈಹಾಕುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಟ್ರಾನೆಕ್ಸಾಮಿಕ್ ಆಮ್ಲವಂತೂ ಹೆರಿಗೆಯಾಗಿ 3 ಗಂಟೆ ಕಳೆದರೆ ಪ್ರಯೋಜನವಿಲ್ಲ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೀಗೆ ಅಳೆದು, ಒಟ್ಟಿಗೆ ಚಿಕಿತ್ಸೆ ಕೊಟ್ಟಲ್ಲಿ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಇವು ಒಟ್ಟಾರೆ ಶೇ. 60ರಷ್ಟು ತಗ್ಗಿದವು. ದೊಡ್ಡ ಯಂತ್ರವೇನೂ ಬಂದಿರಲಿಲ್ಲ.

‘ಉಚಿತ’ದ ಬಗ್ಗೆ ಒಂದೇ ಮಾತು. ಶುಲ್ಕವಿಲ್ಲದಿದ್ದರೂ ಕೈಗವಸು, ಹೊಲಿಗೆ ದಾರ, ಡ್ರಿಪ್ ಬಾಟಲಿ ಹೊರಗಿನಿಂದ ತರಿಸಿದರೆ, ಗಂಡ ಅಂಗಡಿಗೆ ಓಡಿ ಬರುವವರೆಗೆ ರಕ್ತ ಕಾಯುವುದಿಲ್ಲ.

ಇನ್ನು ಆಂಬುಲೆನ್ಸ್. ಕೊಡಿಸಿ, ಬೇಡವೆನ್ನೆವು. ಮೊದಲು ಅದು ಹೋಗಿ ನಿಲ್ಲುವ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ರಕ್ತ ಸಿಗುತ್ತದೆಯೇ, ಸಿಸೇರಿಯನ್‌ಗೆ ಅರಿವಳಿಕೆ ಕೊಡುವವರು ಇರುತ್ತಾರೆಯೇ ಎಂದು ವಿಚಾರಿಸಿ. ಇಂಧನ, ಟೈರು, ಚಾಲಕನ ಸಂಬಳ ಎರಡನೇ ವರ್ಷ ಯಾರ ಲೆಕ್ಕಕ್ಕೆ ಎಂಬುದನ್ನು ಬರಹದಲ್ಲೇ ಪಡೆಯಿರಿ. ಉತ್ತರ ತೃಪ್ತಿಯಾಗದಿದ್ದರೆ ಅದೇ ಹಣದಲ್ಲಿ ಆ ಹೆರಿಗೆ ಕೋಣೆಗೆ ಸೌರಶಕ್ತಿಯ ಫ್ರಿಜ್ಜನ್ನೂ ಅಳತೆ ಚೀಲಗಳನ್ನೂ ಕೊಡಿಸಬಹುದು.

– ಸಂಪಾದಕ