ಟೂರಿಸ್ಟ್ ಅಂದರೆ ನಾಚಿಕೆ ಯಾಕೆ?

ಪ್ರಶ್ನೆ: ಮಕ್ಕಳ ಜೊತೆ ಮುಂಬೈಗೆ ಹೊರಟಿದ್ದೇವೆ. ಗೇಟ್‌ವೇ ಆಫ್ ಇಂಡಿಯಾ ನೋಡಬೇಕು ಅಂದರೆ, ಅಲ್ಲೇ ಕೆಲಸದಲ್ಲಿರುವ ಭಾವಮೈದುನ ನಗುತ್ತಾನೆ. 'ಅದು ಟೂರಿಸ್ಟ್‌ಗಳ ಜಾಗ' ಅಂತೆ. ಬಿಟ್ಟುಬಿಡೋದಾ?
– ಓದುಗರು, ದಾವಣಗೆರೆ

ಉತ್ತರ: ನೀವು ಟೂರಿಸ್ಟೇ ಅಲ್ವಾ? ಧಾರಾಳವಾಗಿ ಹೋಗಿ. ನಮ್ಮ ದುರ್ಗಕ್ಕೆ ಬಂದು ಓಬವ್ವನ ಕಿಂಡಿ ನೋಡದೆ ಬಸ್ ಹತ್ತುವವರನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ. ಗೇಟ್‌ವೇ ಕಟ್ಟಿ ಮುಗಿದದ್ದು 1924ರಲ್ಲಿ. 1948ರಲ್ಲಿ ಬ್ರಿಟಿಷರ ಕೊನೆಯ ಸೈನಿಕರು ಅದೇ ಕಮಾನು ದಾಟಿ ಹೊರಟುಹೋದರು. ಇದನ್ನು ಮಕ್ಕಳಿಗೆ ಅಲ್ಲೇ ನಿಂತು ಹೇಳಿ. ಪಕ್ಕದಲ್ಲೇ ಎಲಿಫೆಂಟಾ ದ್ವೀಪದ ಗುಹೆಗಳಿಗೆ ದೋಣಿ ಸಿಗುತ್ತದೆ. ಅಲ್ಲಿ ಬಂಡೆಯಲ್ಲಿ ಕೊರೆದ ಮೂರು ಮುಖದ ಶಿವ ಸುಮಾರು 20 ಅಡಿ ಎತ್ತರ! ಸೋಮವಾರ ಮಾತ್ರ ಬೇಡ, ಗುಹೆಗಳಿಗೆ ರಜೆ. ಭಾವಮೈದುನನನ್ನೂ ಎಳೆದುಕೊಂಡು ಹೋಗಿ. ಅವನು ಅದನ್ನು ನೋಡಿರುವುದು ಡೌಟೇ.