ನಾಲ್ಕನೇ ಪುಟದ ಬಸ್ಸು

ನಮಸ್ಕಾರ.

ಪ್ಯಾರಿಸ್ ಒಲಿಂಪಿಕ್ಸ್‌ಗೆ ಹಾಕಿ ತಂಡಗಳು ಹೇಗೆ ಆಯ್ಕೆಯಾದವು ಅಂತ ನೀವು ಕಾಸರಗೋಡಿನ ಬದಿಯಡ್ಕದಿಂದ ಕಳಿಸಿದ ಆರು ಪುಟ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ, ಯಾಕೆ ಅಂತ ಹೇಳುತ್ತೇನೆ.

ಮೊದಲು ತಪ್ಪು. ರ‍್ಯಾಂಕಿಂಗ್‌ನ ಮೊದಲ 12 ತಂಡಗಳು ಹೋಗುತ್ತವೆ ಎಂದಿದ್ದೀರಿ. ಹಾಗಲ್ಲ. ಪುರುಷರಿಗೆ 12 ಜಾಗ, ಮಹಿಳೆಯರಿಗೆ 12. ಅದರಲ್ಲಿ ಆತಿಥೇಯ ಫ್ರಾನ್ಸ್‌ಗೆ ಒಂದು, ಐದು ಖಂಡಗಳ ಚಾಂಪಿಯನ್ನರಿಗೆ ಐದು. ಉಳಿದ ಆರಕ್ಕೆ ಎಂಟೆಂಟು ತಂಡಗಳ ಎರಡು ಟೂರ್ನಿ, ಒಂದೊಂದರಲ್ಲೂ ಮೂರು ತಂಡಕ್ಕೆ ಟಿಕೆಟ್. ಏಷ್ಯಾದ ಜಾಗ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರದ್ದು. ನಮ್ಮ ಪುರುಷರು ಫೈನಲ್‌ನಲ್ಲಿ ಜಪಾನನ್ನು 5-1ರಿಂದ ಸೋಲಿಸಿ ನೇರ ಹೋದರು. ಮಹಿಳೆಯರಲ್ಲಿ ಚೀನಾ ಗೆದ್ದಿತು, ನಮ್ಮವರು ಆ ಎರಡು ಟೂರ್ನಿಗಳಲ್ಲಿ ಒಂದನ್ನು ರಾಂಚಿಯಲ್ಲಿ ಆಡಬೇಕಾಯಿತು. ನಿಯಮದ ಬಗ್ಗೆ ಇಷ್ಟು ಸಾಕು. ನೀವು ಮೂರೂವರೆ ಪುಟ ತಗೊಂಡಿದ್ದೀರಿ!

ಇನ್ನೊಂದು, ‘ಯೋಗ್ಯತಾ ಸುತ್ತು’. ಮಲಯಾಳ ಪೇಪರಿನಿಂದ ಬಂದದ್ದು ಅಲ್ವಾ? ನಮ್ಮ ಮನೆಯಲ್ಲೂ ಅದೇ ಪೇಪರು ಬರುತ್ತದೆ, ಕೈ ತಪ್ಪುವುದು ಸಹಜ. ಆದರೆ ಕನ್ನಡದಲ್ಲಿ ‘ಯೋಗ್ಯತೆ ಸಾಲದ ತಂಡಗಳು’ ಎಂದರೆ ಬೈಗುಳ. ‘ಅರ್ಹತಾ ಸುತ್ತು’ ಎನ್ನಿ. ಸದ್ಯ, ಮಲಯಾಳದವರ ಹಾಗೆ ಪಂದ್ಯಕ್ಕೆ ‘ಮತ್ಸರ’ ಅಂತ ಬರೆಯಲಿಲ್ಲವಲ್ಲ.

ಈಗ ನಾಲ್ಕನೇ ಪುಟ. ‘ಅಂಗಡಿ ಮುಂದೆ ನಿಂತು ಅಣ್ಣನ ಮೊಬೈಲಲ್ಲಿ ರಾಂಚಿ ಪಂದ್ಯ ನೋಡಿದೆ, ಪೆರ್ಲದ ಬಸ್ಸು ತಪ್ಪಿತು.’ ಇಷ್ಟು ಹೇಳಿ ಸುಮ್ನೆ ಮತ್ತೆ ಕೋಷ್ಟಕಕ್ಕೆ ಹೋಗಿದ್ದೀರಿ. ಕಬಡ್ಡಿ ಅಂದ್ರೆ ಪ್ರಾಣ ಬಿಡುವ ನಮ್ಮ ಊರಲ್ಲಿ ಹಾಕಿಗಾಗಿ ಬಸ್ಸು ಬಿಟ್ಟವರು ಎಷ್ಟು ಜನ? ನನಗೆ ಬೇಕಾದದ್ದು ಆ ಬಸ್ಸು.

ಅದು 2024ರ ಜನವರಿ 19. ನಮ್ಮ ಮಹಿಳೆಯರು ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು ಶೂಟೌಟ್‌ನಲ್ಲಿ ಸೋತು ಬಂದಿದ್ದರು. ಬೇರೆ ಕಡೆ ಮೂರನೇ ಸ್ಥಾನದ ಪಂದ್ಯವೆಂದರೆ ಸಮಾಧಾನದ ಆಟ. ಇಲ್ಲಿ ಗೆದ್ದರೆ ಪ್ಯಾರಿಸ್, ಸೋತರೆ ಮನೆ. ಎದುರಿಗೆ ಜಪಾನ್. ಮೂರು ತಿಂಗಳ ಹಿಂದೆ ಹಾಂಗ್‌ಝೌನಲ್ಲಿ ಇದೇ ಜಪಾನನ್ನು 2-1ರಿಂದ ಸೋಲಿಸಿ ಕಂಚು ತಂದಿದ್ದರು. ಈ ಸಲ 0-1. ಪೆನಾಲ್ಟಿ ಕಾರ್ನರ್ ಸಿಕ್ಕಾಗಲೆಲ್ಲ ಅಂಗಡಿ ಮುಂದೆ ಯಾರು ಏನಂದರು? ಮೊಬೈಲಿನ ಚಾರ್ಜು ಕೊನೆವರೆಗೆ ಉಳಿಯಿತಾ? ಅಣ್ಣ ಹಾಕಿ ನೋಡುವವನಾ, ಅಥವಾ ನಿಮ್ಮ ಕಾಟಕ್ಕೆ ನಿಂತವನಾ?

ಕೋಷ್ಟಕ ಪೂರ್ತಿ ತೆಗೆಯಿರಿ. ಎರಡು ಪುಟಕ್ಕಿಂತ ಜಾಸ್ತಿ ಬೇಡ. ಜಪಾನ್ ಗೋಲು ಹೊಡೆದದ್ದು 6ನೇ ನಿಮಿಷದಲ್ಲಿ. ಪೆರ್ಲದ ಬಸ್ಸು ಬಂದು ಹೋದದ್ದು ಉಳಿದ 54ರಲ್ಲಿ ಎಷ್ಟನೇ ನಿಮಿಷಕ್ಕೆ, ಅಲ್ಲಿಂದ ಶುರು ಮಾಡಿ.